ಎಂಟು, ಆಮೇಲೆ ಮೂರು

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಒಂದು ಮೇಜಿಗೆ. ಸಯನ್ ಸ್ಟೇಷನ್ನಿನ ಹತ್ತಿರ, ಲೋಕಲ್ ಹೋದಾಗಲೆಲ್ಲ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳು ಸಣ್ಣಗೆ ಸದ್ದು ಮಾಡುವ ಒಂದು ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ನಮಗೆ ಎರಡು ಕೋಣೆ ಮತ್ತು ಒಂದು ಅಡುಗೆಮನೆ ಇದ್ದವು. ಅಡುಗೆಮನೆಯಲ್ಲಿ ಅಮ್ಮ ಮಣೆಯ ಮೇಲೆ ಕೂತು ಇದ್ದಿಲು ಹಾಕಿದ ಸಿಗಡಿ ಒಲೆಗೆ ಬೀಸಣಿಗೆ ಬೀಸುತ್ತಿದ್ದಳು. ಅವಳಿಗಾಗಿ ಆ ಮನೆಯಲ್ಲಿ ಮಾಡಿಸಿದ ಮರದ ಸಾಮಾನು ಆ ಮಣೆಯೊಂದೇ. ಮುಂದಿನ ಕೋಣೆಯಲ್ಲಿ, ಬಾಗಿಲ ಹಿಂದೆ, ಹಳೆಯ ಬೆಡ್‌ಶೀಟು ಹೊದ್ದುಕೊಂಡು ಮಡಚುವ ಕಾಲಿನ ತೇಗದ ಮೇಜು ನಿಂತಿರುತ್ತಿತ್ತು. ಅದರ ಮೇಲೆ ಬಿಗಿದ ಹಸಿರು ಬನಾತಿನ ಬಟ್ಟೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ತಾವೇ ಅದನ್ನು ಬಿಡಿಸಿ ನಿಲ್ಲಿಸಿ, ಅಂಗೈಯಿಂದ ಬನಾತನ್ನು ಮೆಲ್ಲಗೆ ಸವರುತ್ತಿದ್ದರು. ನನ್ನ ತಲೆಯನ್ನು ಅವರು ಹಾಗೆ ಸವರಿದ್ದು ನನಗೆ ನೆನಪಿಲ್ಲ. ಆ ಮೇಜಿನ ಮೇಲೆ ಪುಸ್ತಕ ಇಡುವಂತಿಲ್ಲ, ಲೋಟ ಇಡುವಂತಿಲ್ಲ, ಹಬ್ಬದ ದಿನ ಕೂಡ ಅದು ದೇವರಿಗೆ ಮಣೆಯಾಗುವಂತಿಲ್ಲ. ಅದು ಬ್ರಿಜ್ ಆಡುವ ಮೇಜು.

ಅಪ್ಪನಿಗೆ ಬ್ರಿಜ್ ಹತ್ತಿದ್ದು ಕೋಟೆ ಎನ್ನುವ ಬಡಾವಣೆಯ ಅವರ ಆಫೀಸಿನಿಂದ. ಬಿಳಿಯ ದೊಡ್ಡ ಸಾಹೇಬರು ಸಂಜೆ ಕ್ಲಬ್ಬಿನಲ್ಲಿ ಆಡುತ್ತಿದ್ದರಂತೆ. ಆಟ ಕಲಿತರೆ ತಮ್ಮನ್ನೂ ಒಂದು ದಿನ ಕರೆದಾರು ಎಂದು ಮೈಸೂರಿನಿಂದ ಹೊಸದಾಗಿ ಬಂದಿದ್ದ ಅಪ್ಪ ಹಗಲಿರುಳು ಕಲಿತರು. ಕರೆಯಲಿಲ್ಲ. ಸಾಹೇಬರು ಹೋಗಿ ನಮ್ಮವರೇ ಸಾಹೇಬರಾದ ಮೇಲೂ ಕರೆಯಲಿಲ್ಲ. ಕ್ಲಬ್ಬು ತಮ್ಮನ್ನು ಒಳಗೆ ಬಿಡದಿದ್ದರೆ ಏನಾಯಿತು, ಮನೆಯನ್ನೇ ಕ್ಲಬ್ಬು ಮಾಡುತ್ತೇನೆ ಎಂದುಕೊಂಡಿರಬೇಕು. ಮದುವೆಯಾದ ಮೊದಲ ವರ್ಷವೇ ಅಮ್ಮನಿಗೆ ಇಸ್ಪೀಟೆಲೆ ಹಿಡಿಸಿದರು. ಅವಳು ಕೇಳಿಕೊಂಡದ್ದಲ್ಲ. ನನ್ನಪ್ಪ ಕೆಟ್ಟವರಾಗಿರಲಿಲ್ಲ ಎಂದು ಹೇಳುವ ನೆಂಟರು ಈಗಲೂ ಇದ್ದಾರೆ. ಕುಡಿಯಲಿಲ್ಲ, ಸಂಬಳ ಹಾಳು ಮಾಡಲಿಲ್ಲ, ನಮ್ಮ ಮೇಲೆ ಕೈ ಎತ್ತಲಿಲ್ಲ ಎಂದು ಲೆಕ್ಕ ಒಪ್ಪಿಸುತ್ತಾರೆ. ಎಲ್ಲ ನಿಜ. ಆದರೆ ಅವರು ಯಾರೂ ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತವರಲ್ಲ.

ಆಟಕ್ಕೆ ನಾಲ್ಕು ಜನ ಬೇಕು. ಅಪ್ಪ, ಅಮ್ಮ, ಮಾಟುಂಗದ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆ ನೋಡಿಕೊಳ್ಳುತ್ತಿದ್ದ ಉಪಾಧ್ಯರು, ಮತ್ತು ಕೆಳಗಿನ ಮಾಳಿಗೆಯ ಒಬ್ಬ ಅಯ್ಯರ್. ಉಪಾಧ್ಯರು ಉಡುಪಿ ಕಡೆಯವರು, ಮದುವೆಯಾಗದವರು, ದಪ್ಪ ಮನುಷ್ಯ, ಬರುವಾಗ ಬಾಳೆಎಲೆಯಲ್ಲಿ ಕಟ್ಟಿದ ಬಿಸಿ ಗೋಳಿಬಜೆ ತರುತ್ತಿದ್ದರು. ಅಯ್ಯರ್‌ಗೆ ಕಲ್ಕತ್ತೆಗೆ ವರ್ಗವಾಯಿತು. ಎರಡು ಭಾನುವಾರ ಮೇಜು ಬಿಚ್ಚಲಿಲ್ಲ. ಅಪ್ಪ ಬೋನಿನ ಹುಲಿಯಂತೆ ಮನೆ ಮುಂದಿನ ಗ್ಯಾಲರಿಯಲ್ಲಿ ತಿರುಗಾಡಿದರು. ಮೂರನೆಯ ಭಾನುವಾರ ನನ್ನನ್ನು ಕರೆದು, ಎರಡು ದಿಂಬು ಹಾಕಿ ಎತ್ತರ ಮಾಡಿದ ಕುರ್ಚಿಯಲ್ಲಿ ಕೂರಿಸಿದರು. ನನಗೆ ಆಗ ಜಡೆ ಹೆಣೆದುಕೊಳ್ಳಲು ಬರುತ್ತಿರಲಿಲ್ಲ, ಬ್ರಿಜ್ ಬಂತು.

ಬ್ರಿಜ್ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಎದುರುಬದುರು ಕೂತವರು ಒಂದು ಜೊತೆ. ಒಂದು ಸುತ್ತಿಗೆ ನಾಲ್ಕು ಜನರ ನಾಲ್ಕು ಎಲೆ ಬೀಳುತ್ತವೆ, ಅದನ್ನು ಪಟ್ಟು ಎನ್ನುತ್ತಿದ್ದೆವು. ಒಂದು ಜೊತೆ ಇಂತಿಷ್ಟು ಪಟ್ಟು ಗೆಲ್ಲುತ್ತೇವೆ ಎಂದು ಕೂಗಿ ಆಟ ಹಿಡಿಯುತ್ತದೆ. ಆ ಜೊತೆಯಲ್ಲಿ ಒಬ್ಬರು ತಮ್ಮ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನಾಗುತ್ತಾರೆ. ಇನ್ನೊಬ್ಬರು ಎರಡು ಕೈಯನ್ನೂ ಆಡುತ್ತಾರೆ. ಉಳಿದ ಇಬ್ಬರ ಕೆಲಸ ಅವರನ್ನು ಕೆಡವುವುದು. ಕೆಡವುವವರಿಗೆ ಪರಸ್ಪರರ ಎಲೆ ಕಾಣುವುದಿಲ್ಲ, ಮಾತಾಡುವಂತಿಲ್ಲ. ಆಡುವ ಎಲೆಯಿಂದಲೇ ಸುದ್ದಿ ಕಳಿಸಬೇಕು. ಜೊತೆಯವಳು ಆಡಿದ ಬಣ್ಣದಲ್ಲಿ, ಅಂದರೆ ಇಸ್ಪೀಟಿಗೆ ಇಸ್ಪೀಟು, ಆಟೀನಿಗೆ ಆಟೀನು, ನೀನು ದೊಡ್ಡ ಎಲೆ ಹಾಕಿದರೆ, ಇದನ್ನೇ ಮತ್ತೆ ಆಡು ಎಂದರ್ಥ. ಸಣ್ಣದು ಹಾಕಿದರೆ, ಇದು ಬೇಡ, ಬೇರೆ ನೋಡು. ಮೊದಲು ದೊಡ್ಡದು ಹಾಕಿ ಮುಂದಿನ ಸುತ್ತಿಗೆ ಸಣ್ಣದು ಹಾಕಿದರೆ, ನನ್ನ ಹತ್ತಿರ ಇದ್ದದ್ದೇ ಎರಡು, ಮುಗಿಯಿತು, ಮೂರನೆಯದನ್ನು ಆಡು, ತುರುಪು ಹಾಕಿ ಹೊಡೆಯುತ್ತೇನೆ. ಈ ಸಂಕೇತಗಳನ್ನು ಅಪ್ಪ ನನಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದರು. ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿ ಬಕೆಟ್ ಹಿಡಿದು ನಿಂತಾಗಲೂ ಹಿಂದಿನಿಂದ ಬಂದು ಕೇಳುತ್ತಿದ್ದರು.

"ಎಂಟು, ಆಮೇಲೆ ಮೂರು. ಏನರ್ಥ?"

"ಎರಡೇ ಇತ್ತು. ಮೂರನೇದು ಆಡು."

"ಮೂರು, ಆಮೇಲೆ ಎಂಟು?"

"ಬೇಡ, ಬೇರೆ ಆಡು."

ನಲ್ಲಿಯ ಹತ್ತಿರದ ಮರಾಠಿ ಹೆಂಗಸರು ಇದು ಯಾವುದೋ ಮಂತ್ರವೆಂದುಕೊಂಡು ನನ್ನನ್ನು ಗೌರವದಿಂದ ನೋಡುತ್ತಿದ್ದರು.

ಎಲೆ ಮಾತಾಡಬೇಕು, ಮುಖ ಮಾತಾಡಬಾರದು. ಇದು ಅಪ್ಪನ ದೊಡ್ಡ ಕಾನೂನು. ಹುಬ್ಬು ಏರಿಸುವುದು, ನಿಟ್ಟುಸಿರು, ಎಲೆಯನ್ನು ಕುಕ್ಕಿ ಹಾಕುವುದು, ಎಲ್ಲವೂ ಮೋಸ. ಆಟದ ಪುಸ್ತಕಗಳಲ್ಲೂ ಹಾಗೇ ಇದೆ, ಅಪ್ಪ ಕಟ್ಟಿದ್ದಲ್ಲ. ಆದರೆ ಅದನ್ನು ಕಲಿಸಿದ ರೀತಿ ಮಾತ್ರ ಅವರದೇ. ತಮ್ಮ ಕ್ಷೌರದ ಕನ್ನಡಿಯನ್ನು ನನ್ನ ಎದುರು ನಿಲ್ಲಿಸಿ, ಕೈಗೆ ಎಲೆ ಕೊಟ್ಟು, ಒಂದೊಂದಾಗಿ ತಿರುಗಿಸು ಎನ್ನುತ್ತಿದ್ದರು. ಎಕ್ಕ ಬಂದರೆ ಕಣ್ಣು ಹಿಗ್ಗಬಾರದು, ಎರಡು ಬಂದರೆ ತುಟಿ ಕುಗ್ಗಬಾರದು. ಹಿಗ್ಗಿದರೆ ಎಲೆ ಕಿತ್ತುಕೊಂಡು ಮತ್ತೆ ಕಲೆಸುತ್ತಿದ್ದರು. ನನಗೆ ಅದು ಹಿಡಿಸಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಬೇರೆ ಯಾವ ಕಾರಣಕ್ಕೂ ಅಪ್ಪ ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದವರಲ್ಲ. ಒಂದು ತಿಂಗಳೊಳಗೆ ಕನ್ನಡಿಯಲ್ಲಿ ನನ್ನ ಮುಖ ಮುಚ್ಚಿದ ಕಿಟಕಿಯಂತಾಯಿತು. ಅಪ್ಪ ಉಪಾಧ್ಯರಿಗೆ ಹೆಮ್ಮೆಯಿಂದ ತೋರಿಸಿದರು.

ಅಮ್ಮನಿಗೆ ಅದು ಬರಲಿಲ್ಲ. ಅಮ್ಮನ ಮುಖ ಒಲೆಯ ಮೇಲಿಟ್ಟ ಹಾಲು; ಉಕ್ಕುವ ಮೊದಲೇ ನೋಡಿದವರಿಗೆ ತಿಳಿಯುತ್ತಿತ್ತು. ಕಥೆ ಹೇಳುವಾಗ ಅವಳೇ ರಾಕ್ಷಸ, ಅವಳೇ ಮೊಲ. ಬೇಳೆ ಕೊಳ್ಳುವಾಗ ಅಂಗಡಿಯವನು ಅವಳ ಮುಖ ನೋಡಿಯೇ ಬೆಲೆ ಹೇಳುತ್ತಿದ್ದ. ಒಂದು ಭಾನುವಾರ ಎಲೆ ಹಂಚಿದ ಕೂಡಲೇ ಅವಳಿಗೆ ನಾಲ್ಕೂ ಎಕ್ಕ ಬಂದವು. ಫಕ್ಕನೆ ನಕ್ಕುಬಿಟ್ಟಳು. ಅಪ್ಪ ತಮ್ಮ ಎಲೆಗಳನ್ನು ಮೇಜಿನ ಮೇಲೆ ಕವುಚಿಟ್ಟರು.

"ಕುರ್ಚಿ ತಿರುಗಿಸು."

"ಯಾಕ್ರೀ?"

"ನಿನ್ನ ಮುಖ ಆಟ ಆಡ್ತಾ ಇದೆ. ಗೋಡೆಗೆ ತೋರಿಸು ಅದನ್ನ."

"ಬಿಡಿ ಮಾರಾಯ್ರೆ," ಎಂದರು ಉಪಾಧ್ಯರು. "ಇದೆಂತದು, ಶಾಲೆಯಾ?"

ಅಪ್ಪ ಎಲೆ ಮುಟ್ಟದೆ ಕಾದರು. ಅಮ್ಮ ಎದ್ದು ಕುರ್ಚಿಯನ್ನು ಸುಣ್ಣದ ಗೋಡೆಯ ಕಡೆ ತಿರುಗಿಸಿ, ನಮಗೆ ಬೆನ್ನು ಮಾಡಿ ಕೂತಳು. ಆಟ ನಡೆಯಿತು. ಮೇಜಿನ ಮೇಲೆ ಬಿದ್ದ ಎಲೆಗಳನ್ನು ನಾನು ಅವಳ ಕಿವಿಯ ಹತ್ತಿರ ಹೋಗಿ ಹೇಳಬೇಕು. ಅವಳು ಭುಜದ ಮೇಲಿಂದ ಒಂದು ಎಲೆ ಹಿಂದಕ್ಕೆ ಚಾಚುತ್ತಾಳೆ, ನಾನು ತಂದು ಹಾಕಬೇಕು. ಅವಳ ರವಿಕೆಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಉಪಾಧ್ಯರು ಮೊದಲು ಮುಜುಗರಪಟ್ಟವರು ಆಮೇಲೆ ನಕ್ಕರು, ಅವರು ನಕ್ಕದ್ದು ನೋಡಿ ನಾನೂ ನಕ್ಕೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ನೋಡುವವರಿಗೂ ಚೆಲ್ಲಾಟವೇ. ಅದಾದ ಮೇಲೆ ಅಮ್ಮ ಎಲೆ ಹಿಡಿದು ನಕ್ಕದ್ದನ್ನು ನಾನು ನೋಡಲಿಲ್ಲ. ಬರಬರುತ್ತ ಎಲೆ ಹಿಡಿಯದಿದ್ದಾಗಲೂ ನೋಡಲಿಲ್ಲ. ಕಥೆ ಹೇಳುವಾಗ ರಾಕ್ಷಸನೂ ಮೊಲವೂ ಒಂದೇ ದನಿಯಲ್ಲಿ ಮಾತಾಡತೊಡಗಿದವು, ನಾನು ಕಥೆ ಕೇಳುವುದನ್ನು ಬಿಟ್ಟೆ.

ಆಟ ಮುಗಿದರೆ ಮುಗಿಯಿತೇ? ಸಂಜೆ ಊಟಕ್ಕೆ ಕೂತಾಗ ಪೋಸ್ಟ್‌ಮಾರ್ಟಮ್. ಅಪ್ಪನಿಗೆ ಮಧ್ಯಾಹ್ನ ಬಿದ್ದ ಪ್ರತಿಯೊಂದು ಎಲೆ ನೆನಪಿರುತ್ತಿತ್ತು. ತಟ್ಟೆಯ ಅಂಚಿನಲ್ಲಿ ಉಪ್ಪು, ಉಪ್ಪಿನಕಾಯಿ, ಸಂಡಿಗೆ, ಪಲ್ಯ ನಾಲ್ಕನ್ನೂ ನಾಲ್ಕು ಕೈಗಳಂತೆ ಜೋಡಿಸಿ ವಿಚಾರಣೆ ಶುರು ಮಾಡುತ್ತಿದ್ದರು. ಅಮ್ಮ ಸಾರಿನ ಸೌಟು ಹಿಡಿದು ನಿಂತಿರುತ್ತಿದ್ದಳು.

"ಮೂರನೇ ಆಟದಲ್ಲಿ ಡೈಮನ್ ಬಿದ್ದಾಗ ಏನು ಹಾಕ್ದೆ?"

"ನಾಲ್ಕು."

"ಏನು ಹಾಕ್ಬೇಕಿತ್ತು?"

ಅಮ್ಮ ಸೌಟಿನಿಂದ ಸಾರು ಕಲಕುತ್ತಿದ್ದಳು.

"ಯೋಚನೆ ಮಾಡು. ನಮಗೇನೂ ಅವಸರ ಇಲ್ಲ."

ಸರಿಯಾದ ಉತ್ತರ ಬರುವವರೆಗೆ ಅವಳು ತನಗೆ ಬಡಿಸಿಕೊಳ್ಳುವಂತಿರಲಿಲ್ಲ. ಹಾಗೆಂದು ಅಪ್ಪ ಬಾಯಿಬಿಟ್ಟು ಹೇಳಿದ್ದಿಲ್ಲ; ಒಮ್ಮೆ ಅವಳು ಕೂರಲು ಹೋದಾಗ ಅವರು ತುತ್ತನ್ನು ಅರ್ಧದಲ್ಲಿ ನಿಲ್ಲಿಸಿ ಅವಳನ್ನು ನೋಡಿದ್ದರು, ಅಷ್ಟೇ. ಉತ್ತರ ಎಷ್ಟೋ ಸಲ ನನಗೆ ಗೊತ್ತಿರುತ್ತಿತ್ತು. ನಾನು ಹೇಳಿದರೆ ಅವರು ಅದನ್ನು ಬಿಟ್ಟು ಅದಕ್ಕಿಂತ ಕಷ್ಟದ ಇನ್ನೊಂದು ಪ್ರಶ್ನೆ ಹಾಕುತ್ತಿದ್ದರು. ಆದ್ದರಿಂದ ನಾನು ತಟ್ಟೆ ನೋಡುತ್ತ ಉಣ್ಣುತ್ತಿದ್ದೆ. ನಮ್ಮ ಮನೆಯಲ್ಲಿ ಭಾನುವಾರದ ಸಾರು ಅಮ್ಮನ ಬಾಯಿಗೆ ಬಿಸಿಯಾಗಿ ಹೋದದ್ದಿಲ್ಲ.

ಹೀಗೆ ಹಿಂಡಿ ಹಿಂಡಿ ಕಲಿಸಿದ ಮೇಲೆ ಅಮ್ಮ ಚೆನ್ನಾಗಿಯೇ ಆಡತೊಡಗಿದಳು. ಅವಳದೊಂದು ದೋಷವೆಂದರೆ ಅವಳ ಎಲೆ ಎಂದೂ ಸುಳ್ಳು ಹೇಳುತ್ತಿರಲಿಲ್ಲ. ಸಂಕೇತದ ತೊಡಕು ಇರುವುದೇ ಅಲ್ಲಿ: ಜೊತೆಯವಳಿಗೆ ಕಳಿಸಿದ ಸುದ್ದಿಯನ್ನು ಎದುರಾಳಿಯೂ ಓದುತ್ತಾನೆ. ಅಮ್ಮ ಮತ್ತು ನಾನು ಒಂದು ಜೊತೆ, ಅಪ್ಪ ಮತ್ತು ಉಪಾಧ್ಯರು ಒಂದು ಜೊತೆ. ಅಪ್ಪ ಆಡುವಾಗ ಅಮ್ಮನ ಎಲೆಯನ್ನು ಪಂಚಾಂಗದಂತೆ ಓದಿ, ನೇರವಾಗಿ ಅವಳ ಬಲಹೀನ ಜಾಗಕ್ಕೇ ಕೈ ಹಾಕುತ್ತಿದ್ದರು. ಒಳ್ಳೆಯ ಆಟಗಾರರು ಆಗೊಮ್ಮೆ ಈಗೊಮ್ಮೆ ಸುಳ್ಳು ಎಲೆ ಹಾಕುತ್ತಾರೆ, ಅದು ಕಾನೂನಿನಲ್ಲೇ ಇದೆ ಎಂದು ಅಪ್ಪನೇ ನನಗೆ ಹೇಳಿದ್ದರು. ಅಮ್ಮನ ವಿಷಯ ಬಂದಾಗ ಮಾತ್ರ ನಗುತ್ತಿದ್ದರು.

"ಅವಳಿಗೆಲ್ಲಿ ಬರತ್ತೆ? ಹರಿಶ್ಚಂದ್ರನ ವಂಶ."

ಆ ವರ್ಷ ದೀಪಾವಳಿ ಕಳೆದ ಮೇಲೆ ಮೈಸೂರಿನಿಂದ ದೂರದ ನೆಂಟರೊಬ್ಬರು ಬಂದರು. ಅಮ್ಮನ ತಮ್ಮನ ಮನೆಯಿಂದ ಹಪ್ಪಳದ ಕಟ್ಟು ತಂದುಕೊಟ್ಟು, ಕಾಫಿ ಕುಡಿಯುತ್ತ, ಅಜ್ಜಿಯ ಕಣ್ಣು ಹೋಗುತ್ತಿದೆ ಎಂದರು. ಅಜ್ಜಿ ಎಂದರೆ ಅಮ್ಮನ ತಾಯಿ. ಒಂದು ಕಣ್ಣು ಆಗಲೇ ಕತ್ತಲಾಗಿತ್ತು, ಇನ್ನೊಂದರಲ್ಲಿ ನೆರಳು ಕಂಡ ಹಾಗೆ ಕಾಣುತ್ತಿತ್ತಂತೆ. ಆಪರೇಷನ್ನಿಗೆ ಬರುವಂಥದ್ದಲ್ಲ, ಕೆಲವೇ ತಿಂಗಳು ಎಂದು ಡಾಕ್ಟರು ಕೈಚೆಲ್ಲಿದ್ದರಂತೆ.

"ಪೂರ್ತಿ ಹೋಗೋದ್ರೊಳಗೆ ಪದ್ದೂನ ಮುಖ ಒಂದ್ಸಲ ನೋಡ್ಬೇಕು ಅಂತಾರಮ್ಮ. ಆಮೇಲೆ ಹೋದ್ರೆ ಹೋಗ್ಲಿ ಅಂತಾರೆ."

ಪದ್ದೂ ನನ್ನ ಅಮ್ಮ. ಅವಳು ತೌರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಆ ಕಾಲದಲ್ಲಿ ಗಂಡ ಕಳಿಸದೆ ಹೆಂಗಸರು ಪುಣೆ ದಾಟುತ್ತಿರಲಿಲ್ಲ. ಅಂದು ರಾತ್ರಿ ಬಡಿಸುವಾಗ ಅಮ್ಮ ಅಪ್ಪನನ್ನು ಕೇಳಿದಳು. ಅಪ್ಪ ಮಜ್ಜಿಗೆ ಹಾಕು ಎಂದರು. ಮರುದಿನ ಕೇಳಿದಳು, ಪೇಪರ್ ಓದಿದರು. ಬುಧವಾರ ಕೇಳಿದಾಗ, ಒಂದೇ ವಿಷಯ ಎಷ್ಟು ಸಲ ಅಂದರು. ಅಮ್ಮ ಆ ವಾರವೆಲ್ಲ ಮಣೆಯ ಮೇಲೆ ಕೂತು ಆರಿದ ಸಿಗಡಿಗೆ ಬೀಸುತ್ತಿದ್ದಳು. ಭಾನುವಾರ ಬೆಳಿಗ್ಗೆ ಮತ್ತೆ ಕೇಳಿದಳು. ಅಪ್ಪ, ನೋಡೋಣ ಎಂದರು.

ಮಧ್ಯಾಹ್ನ ಮೇಜು ಬಿಚ್ಚಿದರು. ಅಮ್ಮ ಎಂದಿನಂತೆ ಹುಣಸೆಹಣ್ಣು ಹಚ್ಚಿ ಕೈ ತೊಳೆದು ಬಂದಳು. ಅರಿಶಿನದ ಬೆರಳಿನ ಗುರುತು ಎಲೆಗೆ ಹತ್ತಿದರೆ ಗುರುತು ಮಾಡಿ ಆಡುತ್ತೀಯಾ ಎಂದು ಅಪ್ಪ ಒಮ್ಮೆ ಅಂದಿದ್ದರು. ಒಂದೆರಡು ಆಟ ಆಯಿತು. ಮೂರನೆಯ ಆಟದಲ್ಲಿ ಅಪ್ಪ ಇಸ್ಪೀಟನ್ನು ತುರುಪು ಮಾಡಿ ಹತ್ತು ಪಟ್ಟು ಕೂಗಿದರು. ಮೊದಲ ಎಲೆ ನನ್ನದು. ನನ್ನ ಹತ್ತಿರ ಆಟೀನಿನ ಎಕ್ಕ, ರಾಜ ಎರಡೂ ಇದ್ದವು. ರಾಜ ಹಾಕಿದೆ. ಉಪಾಧ್ಯರು ತಮ್ಮ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ಅದರಲ್ಲಿ ತುರುಪಿನ ರಾಜ ಇದ್ದ, ಆಟೀನು ಎರಡೇ ಇತ್ತು. ಅಪ್ಪ ಅದನ್ನೆಲ್ಲ ನೋಡಿದರು, ತಮ್ಮ ಕೈ ನೋಡಿದರು, ತುಟಿ ಅಲ್ಲಾಡಿಸಿ ಎಣಿಸಿದರು. ಹತ್ತು ಪಟ್ಟು ಅಲ್ಲೇ ಇದ್ದವು. ಅವರು ಕುರ್ಚಿಗೆ ಒರಗಿದರು. ಬಿಚ್ಚಿಟ್ಟ ಎಲೆಗಳಲ್ಲಿ ಒಂದು ಸಣ್ಣ ಆಟೀನು ಆಡಿ, ಅಮ್ಮನ ಸರದಿ ಬಂದಾಗ ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ಉಪಾಧ್ಯರೆ, ಇವಳಿಗೆ ಮೈಸೂರಿಗೆ ಹೋಗ್ಬೇಕಂತೆ. ನಾನೇನು ಕಟುಕನೇ? ಈ ಆಟದಲ್ಲಿ ನನ್ನನ್ನ ಕೆಡವಲಿ, ಕಳಿಸ್ತೀನಿ."

"ತಮಾಷೆಗೆ ಬೇರೆ ವಿಷಯ ಇಲ್ವಾ ಸ್ವಾಮಿ? ಅವರ ಅಮ್ಮನಿಗೆ ಹುಷಾರಿಲ್ಲ ಅಂತ ಕೇಳಿದೆ."

"ತಮಾಷೆ ಅಲ್ಲ. ಮಾತು ಅಂದ್ರೆ ಮಾತು. ಕೆಡವದಿದ್ರೆ ಈ ಮನೇಲಿ ಮೈಸೂರು ಅನ್ನೋ ಮಾತು ಎತ್ತಕೂಡದು. ಆಡು."

ಗೆದ್ದಾಗಿದೆ ಎಂದು ಖಾತ್ರಿಯಾದ ಮೇಲೆ ಪಣ ಕಟ್ಟುವವರನ್ನು ನಾನು ಆಮೇಲೆ ಜೀವನದಲ್ಲಿ ಬೇಕಾದಷ್ಟು ನೋಡಿದ್ದೇನೆ. ಮೊದಲು ನೋಡಿದ್ದು ಅಲ್ಲಿ. ಅಪ್ಪನ ಮೇಲೆ ಸಿಟ್ಟು ಬಂತು, ಅದನ್ನು ಮುಖದ ಮೇಲೆ ಬಿಡಲಿಲ್ಲ. ಅಮ್ಮ ತನ್ನ ಎಲೆ ನೋಡಿದಳು, ಮೇಜಿನ ಮೇಲಿನ ಎಲೆ ನೋಡಿದಳು. ಅವಳ ಮುಖ ಸುಣ್ಣದ ಗೋಡೆಯ ಹಾಗಿತ್ತು. ಆಟೀನಿನ ಎಂಟು ಹಾಕಿದಳು. ನಾನು ಎಕ್ಕ ಆಡಿದೆ. ಅಮ್ಮ ಮೂರು ಹಾಕಿದಳು. ಎಂಟು, ಆಮೇಲೆ ಮೂರು. ಎರಡೇ ಇತ್ತು, ಮೂರನೆಯದು ಆಡು. ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ನಾನು ಮೂರನೆಯ ಆಟೀನು, ಒಂದು ಸಣ್ಣ ಐದು, ಆಡಿದೆ.

ಅಪ್ಪನಿಗೆ ನಗು ಬಂತು. ತಾವು ಕಂಡುಹಿಡಿದದ್ದನ್ನು ಉಪಾಧ್ಯರಿಗೆ ವಿವರಿಸದೆ ಅವರಿಗೆ ಎಲೆ ಹಾಕಲು ಆಗುತ್ತಿರಲಿಲ್ಲ.

"ನೋಡಿ, ಎಂಟು, ಮೂರು. ಇವಳ ಹತ್ರ ಆಟೀನು ಖಾಲಿ. ನಿಮ್ಮ ಕೈಯಿಂದ ಸಣ್ಣ ತುರುಪು ಹಾಕಿದ್ರೆ ಅದರ ಮೇಲೆ ಇವಳು ದೊಡ್ಡ ತುರುಪು ಹಾಕಿ ಹೊಡೀತಾಳೆ. ಹೊಡೀಲಿ ನೋಡೋಣ, ರಾಜನ್ನೇ ಹಾಕ್ತೀನಿ."

ಬಿಚ್ಚಿಟ್ಟ ಎಲೆಗಳಲ್ಲಿದ್ದ ತುರುಪಿನ ರಾಜನನ್ನು ಎತ್ತಿ ಹಾಕಿದರು. ಅಮ್ಮ ಆಟೀನಿನ ಹತ್ತು ಹಾಕಿದಳು.

ಅವಳ ಹತ್ತಿರ ಆಟೀನು ಮೂರಿತ್ತು.

ಈಗ ಅಪ್ಪನ ಸ್ವಂತ ಕೈಯಿಂದ ಆಟೀನು ಹಾಕಬೇಕು. ಅವರ ಹತ್ತಿರ ಉಳಿದಿದ್ದದ್ದು ಒಂದೇ, ಆಟೀನಿನ ರಾಣಿ. ಎಕ್ಕ, ರಾಜ ಹೋದ ಮೇಲೆ ಆ ರಾಣಿಯನ್ನು ಮೀರಿಸುವ ಎಲೆ ಇರಲಿಲ್ಲ. ತುರುಪು ಹಾಕದೆ ಸುಮ್ಮನಿದ್ದಿದ್ದರೆ ಆ ಪಟ್ಟು ತಾನಾಗಿಯೇ ಅವರದಾಗುತ್ತಿತ್ತು. ಗೆಲ್ಲುವ ತಮ್ಮ ರಾಣಿಯನ್ನು ತಮ್ಮದೇ ರಾಜನಿಂದ ಹೊಡೆದುಕೊಂಡಿದ್ದರು. ಆ ರಾಜ ಇಲ್ಲದ ಮೇಲೆ, ನನ್ನ ಕೈಯಲ್ಲಿ ಇನ್ನೆರಡು ಸಣ್ಣ ತುರುಪಿನ ಮರೆಯಲ್ಲಿ ಅಡಗಿದ್ದ ತುರುಪಿನ ಗುಲಾಮನನ್ನು ಬೀಳಿಸಲು ಅವರಿಗೆ ಆಗಲಿಲ್ಲ. ಎಕ್ಕ ಆಡಿದರು, ರಾಣಿ ಆಡಿದರು, ನನ್ನ ಗುಲಾಮ ಉಳಿದ, ಮೂರನೆಯ ಸುತ್ತು ಗೆದ್ದ. ಡೈಮನ್ನಿನ ಎಕ್ಕ ಅಮ್ಮನ ಹತ್ತಿರ ಇತ್ತು. ಹದಿಮೂರು ಪಟ್ಟಿನಲ್ಲಿ ನಮಗೆ ನಾಲ್ಕು, ಅಪ್ಪನಿಗೆ ಒಂಬತ್ತು; ಒಂದು ಪಟ್ಟು ಕಡಿಮೆಯಾಯಿತು, ಅಪ್ಪ ಬಿದ್ದರು.

"ನೀನು ನಿನ್ನ ಪಾರ್ಟನರ್‌ಗೇ ಸುಳ್ಳು ಹೇಳ್ದೆ," ಎಂದರು ಅಪ್ಪ. ದನಿ ಏರಿಸಲಿಲ್ಲ. "ಇದು ಮೋಸ."

ಮಾತಾಡಿದ್ದು ಉಪಾಧ್ಯರು.

"ಎಂತ ಮೋಸ? ಮುಖ ಸುಳ್ಳು ಹೇಳ್ಬಾರ್ದು, ಎಲೆ ಹೇಳ್ಬಹುದು. ನೀವೇ ಹೇಳಿದ್ದಲ್ವಾ? ಕಾನೂನಲ್ಲಿ ಉಂಟು ಮಾರಾಯ್ರೆ. ಅಕ್ಕನ ಮುಖದಲ್ಲಿ ಎಂತದಾದ್ರೂ ಕಂಡಿತಾ ನಿಮಗೆ?"

ಅಪ್ಪ ಅಮ್ಮನ ಮುಖ ನೋಡಿದರು. ನಿಜವಾಗಿಯೂ ಏನೂ ಇರಲಿಲ್ಲ. ಅವರು ಎಲೆಗಳನ್ನು ಒಟ್ಟುಮಾಡಿ ಡಬ್ಬಿಗೆ ಹಾಕಿ, ಮೇಜು ಮಡಚಿದರು. ಸಂಜೆ ಅಡುಗೆಮನೆಯಲ್ಲಿ, ಅಮ್ಮ ಪಾತ್ರೆ ತಿಕ್ಕುವಾಗ, ನಾನು ಹತ್ತಿರ ಕೂತು ಮೆಲ್ಲಗೆ ಕೇಳಿದೆ. ನನ್ನ ಹತ್ತಿರ ಗುಲಾಮ ಇದೆಯೆಂದು ಗೊತ್ತಿತ್ತಾ, ಅಪ್ಪ ರಾಜ ಹಾಕುತ್ತಾರೆಂದು ಗೊತ್ತಿತ್ತಾ ಎಂದು.

"ಗುಲಾಮ ಎಲ್ಲಿತ್ತೋ ದೇವರಿಗೇ ಗೊತ್ತು. ನಿಮ್ಮಪ್ಪ ಹಾಕ್ತಾರೆ ಅಂತ ಮಾತ್ರ ಗೊತ್ತಿತ್ತು," ಎಂದಳು. "ಇಷ್ಟು ವರ್ಷ ಅವರ ಮುಂದೆ ಒಂದು ಎಲೆ ಸುಳ್ಳು ಹಾಕಿಲ್ಲ ಕಣೇ ವಿಜೀ. ಒಂದು ಸಲಕ್ಕಾದ್ರೂ ನಂಬಲ್ವಾ?"

ಅಂದು ಊಟಕ್ಕೆ ಕೂತಾಗ ಅಪ್ಪ ಉಪ್ಪು, ಉಪ್ಪಿನಕಾಯಿ ಜೋಡಿಸಲಿಲ್ಲ. ಅಮ್ಮ ಸೌಟು ಹಿಡಿದು ನಿಂತೇ ಇದ್ದಳು. ಯಾವತ್ತು ಹೊರಡಲಿ ಎಂದು ಕೇಳಿದಳು. ಅಪ್ಪ ಅನ್ನಕ್ಕೆ ಸಾರು ಕಲೆಸಿ, ಉಂಡು, ನೀರು ಕುಡಿದು, ಆಮೇಲೆ ಹೇಳಿದರು.

"ಕಳಿಸ್ತೀನಿ ಅಂದೆ. ಯಾವಾಗ ಅಂತ ಮಾತಾಗಿರ್ಲಿಲ್ಲ. ವಿಜಿಗೆ ಮೇ ರಜಾ ಬರ್ಲಿ."

"ಅಷ್ಟರೊಳಗೆ ಅಮ್ಮನ ಕಣ್ಣು..."

"ಕೂಗಿದ್ದು ಏನೋ ಅದೇ ಆಟ. ಆಮೇಲೆ ಸೇರಿಸೋಕೆ ಬರಲ್ಲ. ನೀನೂ ಈಗ ಕಾನೂನು ತಿಳಿದೋಳು."

ಆ ಸಿಟ್ಟು ಇಂದಿಗೂ ನನ್ನಲ್ಲಿ ಆರಿಲ್ಲ. ಹೊಡೆದಿದ್ದರೆ ಮರೆಯುತ್ತಿದ್ದೆನೋ ಏನೋ. ಮಾತು ತಪ್ಪಿದ್ದರೆ ಜಗಳವಾಡಬಹುದಿತ್ತು. ಅವರು ಮಾತು ತಪ್ಪಲಿಲ್ಲ. ಊಟ ತಮ್ಮ ಹೋಟೆಲಿನಿಂದ ಕಳಿಸುತ್ತೇನೆ, ಅಕ್ಕನನ್ನು ಈಗಲೇ ಕಳಿಸಿ ಎಂದು ಉಪಾಧ್ಯರು ಮುಂದಿನ ಭಾನುವಾರ ಹೇಳಿ ನೋಡಿದರು. ಅಪ್ಪ ಎಲೆ ಹಂಚುತ್ತ, ನಿಮ್ಮ ಆಟ ಎಂದರು. ಉಪಾಧ್ಯರು ಆಡಿದರು. ಅವರಿಗೂ ಭಾನುವಾರ ಹೋಗಲು ಬೇರೆ ಮನೆ ಇರಲಿಲ್ಲ. ಸಂಕ್ರಾಂತಿಗೆ ಅಮ್ಮ ಮತ್ತೊಮ್ಮೆ ಕೇಳಿದಳು. ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ಅಪ್ಪ, ಮೇ ಎಂದರು. ಅದಾದ ಮೇಲೆ ಅವಳು ಕೇಳಲಿಲ್ಲ.

ಮೇ ತಿಂಗಳಲ್ಲಿ ಅಪ್ಪ ತಾವೇ ನಿಂತು ಟಿಕೀಟು ಮಾಡಿಸಿ, ನಮ್ಮನ್ನು ಗಾಡಿ ಹತ್ತಿಸಿ, ಕಿಟಕಿಯಿಂದ ನೀರಿನ ಕೂಜಾ ಕೊಟ್ಟರು. ಪುಣೆಯಲ್ಲೊಮ್ಮೆ, ಅರಸೀಕೆರೆಯಲ್ಲೊಮ್ಮೆ ಗಾಡಿ ಬದಲಾಯಿಸಿ, ಮಸಿ ಹಿಡಿದ ಮುಖದಲ್ಲಿ ಮೈಸೂರು ತಲುಪಿದೆವು. ಮಾವ ಸ್ಟೇಷನ್ನಿಗೆ ಬಂದಿದ್ದರು. ಜಟಕಾದಲ್ಲಿ ಕೂತ ಮೇಲೆ, ಕುದುರೆಯ ಕಡೆ ನೋಡುತ್ತ, ಶಿವರಾತ್ರಿ ಹೊತ್ತಿಗೆ ಪೂರ್ತಿ ಹೋಯಿತಕ್ಕ ಎಂದರು. ಅಮ್ಮ ಹ್ಞೂಂ ಎಂದಳು. ಮಾವ ಅವಳ ಮುಖವನ್ನು ಎರಡು ಸಲ ತಿರುಗಿ ನೋಡಿದ್ದು ನನಗೆ ನೆನಪಿದೆ.

ಅಜ್ಜಿ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಅಮ್ಮ ಹೋಗಿ ಎದುರು ಮಂಡಿಯೂರಿ, ಅಮ್ಮಾ, ಪದ್ದೂ ಬಂದಿದೀನಿ ಎಂದಳು. ಅಜ್ಜಿ ಬಾಯಿ ತೆರೆದು ನಕ್ಕು, ಎರಡು ಕೈಯನ್ನೂ ಚಾಚಿ ಅವಳ ಮುಖ ಹಿಡಿದರು. ಹಣೆ, ಹುಬ್ಬು, ಕೆನ್ನೆ, ಬಾಯಿಯ ಅಂಚು. ಬೆರಳುಗಳು ಒಂದು ಸುತ್ತು ಹೋದವು. ಮತ್ತೊಂದು ಸುತ್ತು ಹೋದವು. ಅಜ್ಜಿಯ ನಗು ನಿಧಾನಕ್ಕೆ ಇಳಿಯಿತು.

"ಇದು ಯಾರೋ?" ಎಂದರು ಮಾವನ ಕಡೆ ತಿರುಗಿ.

"ಪದ್ದೂ ಕಣಮ್ಮ. ದನಿ ಗೊತ್ತಾಗ್ಲಿಲ್ವಾ?"

"ದನಿ ಅವಳದೇ. ಮುಖ ಅವಳದಲ್ಲ. ನನ್ನ ಪದ್ದೂ ಮುಖ ಕೈಯಲ್ಲಿ ಹಿಡಿದ್ರೆ ನಿಲ್ತಿರ್ಲಿಲ್ಲ. ಎಣ್ಣೆ ಹಚ್ಚೋವಾಗ ಒಂದು ಗಳಿಗೆ ನಿಲ್ತಿರ್ಲಿಲ್ಲ. ಇದು ಅಲ್ಲಾಡೋದೇ ಇಲ್ವಲ್ಲೋ."

ಅಮ್ಮ ನಗಲು ಪ್ರಯತ್ನಪಟ್ಟಳು. ನಾನು ಪಕ್ಕದಲ್ಲೇ ಇದ್ದೆ, ನೋಡಿದೆ. ಅಜ್ಜಿಯ ಬೆರಳ ಕೆಳಗೆ ಅವಳ ತುಟಿ ಒಂದಿಷ್ಟು ಎಳೆದುಕೊಂಡು ಮತ್ತೆ ಇದ್ದಲ್ಲಿಗೇ ಬಂತು. ಅಳಲು ಬರುತ್ತದೋ ಎಂದು ನೋಡಿದೆ, ಅದೂ ಬರಲಿಲ್ಲ. ಅಜ್ಜಿ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಹೊರಗಿನವರೊಡನೆ ಮಾತಾಡುವ ಮರ್ಯಾದೆಯ ದನಿಯಲ್ಲಿ, ದೂರದಿಂದ ಬಂದಿದೀಯ, ಕಾಫಿ ಕುಡಿಯಮ್ಮ ಎಂದರು. ನಾವು ಅಲ್ಲಿದ್ದ ಅಷ್ಟೂ ದಿನ ಅವರು ಅಮ್ಮನನ್ನು ಪದ್ದೂ ಎಂದು ಕರೆಯಲಿಲ್ಲ. ಅಮ್ಮ ದಿನಾ ಬೆಳಿಗ್ಗೆ ಅವರ ತಲೆ ಬಾಚಿದಳು. ಗಾಡಿ ಹತ್ತುವ ದಿನ ಹಿತ್ತಲ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ಹಿಂದಿನ ಓಣಿ ನೋಡುತ್ತ, ಇದನ್ನ ಅಲ್ಲಿ ಹೇಳಕೂಡದು ಎಂದಳು.

ಹಿಂದಿರುಗಿದ ಮೇಲಿನ ಮೊದಲ ಭಾನುವಾರ. ಅಪ್ಪ ಮೇಜು ಬಿಡಿಸಿ ಬನಾತು ಸವರಿದರು. ಉಪಾಧ್ಯರು ಗೋಳಿಬಜೆಯ ಕಟ್ಟು ಅಮ್ಮನ ಕೈಗಿಟ್ಟು, ನಿಮ್ಮಮ್ಮನನ್ನು ನೋಡಿ ಬಂದಿರಾ ಅಕ್ಕ, ಹೇಗಿದ್ದಾರೆ ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದಳು ಅಮ್ಮ. ಹುಣಸೆಹಣ್ಣು ಹಚ್ಚಿ ಕೈ ತೊಳೆದು ಬಂದು ಕೂತಳು. ಅಪ್ಪ ಎಲೆ ಹಂಚಿದರು. ಹಂಚಿದ ಮೇಲೆ ತಮ್ಮ ಎಲೆಗಳನ್ನು ಎತ್ತಿಕೊಳ್ಳದೆ ಅವಳನ್ನೇ ನೋಡಿದರು. ಆರು ತಿಂಗಳಿಂದ ಅವರಿಗೆ ಅವಳ ಎಲೆಯನ್ನು ಮೊದಲಿನಂತೆ ಓದಲು ಆಗುತ್ತಿರಲಿಲ್ಲ, ಅದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

"ಗುರುತು ಹಿಡಿದ್ರಾ ನಿಮ್ಮಮ್ಮ?"

"ಹಿಡಿದ್ರು," ಎಂದಳು ಅಮ್ಮ, ಎಲೆಗಳನ್ನು ಬಣ್ಣಕ್ಕೆ ಬಣ್ಣ ಸೇರಿಸಿಕೊಳ್ಳುತ್ತ. "ಮುಖ ಮುಟ್ಟಿದ ಕೂಡ್ಲೆ ಪದ್ದೂ ಅಂದ್ರು."

ಅಪ್ಪ ಅವಳ ಮುಖದಲ್ಲಿ ಹುಡುಕಿದರು. ಬಹಳ ಹೊತ್ತು ಹುಡುಕಿದರು. ಅವಳಿಗೆ ಆ ಮುಖ ಕಲಿಸಿದವರು ಅವರೇ, ಅವರಿಗೂ ಏನೂ ಸಿಗಲಿಲ್ಲ. ಕೊನೆಗೆ ಥಟ್ಟನೆ ನನ್ನ ಕಡೆ ತಿರುಗಿದರು.

"ಹೌದೇನೇ?"

"ಹೌದು," ಎಂದು ಅವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ. ಮೊದಲ ಎಲೆ ಹಾಕುವ ಸರದಿ ನನ್ನದಾಗಿತ್ತು, ಹಾಕಿದೆ.